ಹುಬ್ಬಳ್ಳಿ-ಧಾರವಾಡಕ್ಕೆ ಮನೆ ಮಾಡಲು ಬರುವವರು ಖರ್ಚನ್ನು ಹೀಗೆ ಲೆಕ್ಕ ಹಾಕಿ

ರೋಣ, ನರಗುಂದ, ಹಾನಗಲ್, ಸವಣೂರು ಕಡೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ಮನೆ ಮಾಡಲು ಬರುವವರು ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ಕೇಳಲೇಬೇಕು. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಓಡಾಟ, ನೀರು, ಕರೆಂಟು, ಮಕ್ಕಳ ಶಾಲೆ, ಈ ನಾಲ್ಕೂ ಮನೆ ಯಾವ ಓಣಿಯಲ್ಲಿದೆ ಅನ್ನುವುದರ ಮೇಲೆ ಏರುತ್ತವೆ, ಇಳಿಯುತ್ತವೆ. ಬಾಡಿಗೆಗೆ ಈ ನಾಲ್ಕನ್ನೂ ಕೂಡಿಸಿದಾಗ ಬರುವ ಮೊತ್ತವೇ ಆ ಮನೆಯ ನಿಜವಾದ ಬೆಲೆ.

ನಾನಿರುವುದು ನವನಗರದಲ್ಲಿ, ತವರು ರೋಣ ತಾಲೂಕು. ನಮ್ಮ ಮನೆಯವರ ಕೆಲಸ ಗೋಕುಲ ರೋಡಿನ ಕಾರ್ಖಾನೆಯಲ್ಲಿ, ಮಗಳ ಕಾಲೇಜು ಧಾರವಾಡದಲ್ಲಿ. ಪಗಾರ ಬಂದ ದಿನದಿಂದ ತಿಂಗಳ ಕೊನೆವರೆಗೆ ಲೆಕ್ಕ ಬರೆಯುವವಳು ನಾನು. ಊರಿಂದ ಬರುವ ಬಂಧು ಬಳಗಕ್ಕೆ ಮನೆ ಹುಡುಕಿಕೊಡುವಾಗ ಏನೇನು ನೋಡುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿ ಯಾರು ದಿನಾ ಎಲ್ಲಿಗೆ ಹೋಗುತ್ತಾರೆ, ಬರೆಯಿರಿ. 1962ರಲ್ಲಿ ಎರಡೂ ಊರನ್ನು ಕೂಡಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರೂ ನಡುವೆ ಸುಮಾರು 20 ಕಿ.ಮೀ. ದಾರಿ ಇದೆ. ವ್ಯಾಪಾರ, ಕಾರ್ಖಾನೆ, ರೈಲ್ವೆ ಕೆಲಸ ಅಂದರೆ ಹುಬ್ಬಳ್ಳಿ. ಕಾಲೇಜು, ಹೈಕೋರ್ಟ್ ಪೀಠ, ಜಿಲ್ಲೆಯ ಕಚೇರಿಗಳು ಅಂದರೆ ಧಾರವಾಡ. ವಿದ್ಯಾನಗರ, ಕೇಶ್ವಾಪುರ, ಧಾರವಾಡದ ಸಪ್ತಾಪುರ, ಮಾಳಮಡ್ಡಿ ಇಂಥ ಕಡೆ ಬಾಡಿಗೆ ಜಾಸ್ತಿ. ನಡುವಿನ ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು ಎರಡೂ ಕಡೆಗೆ ಓಡಾಡುವ ಮನೆತನಕ್ಕೆ ಹೊಂದುತ್ತವೆ. ನಾವು ನಡುವೆ ನಿಂತಿರುವುದು ಅದಕ್ಕೇ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಕೆಲಸ ಗೋಕುಲ ರೋಡಿನಲ್ಲಿ ಅಂತ ಇಟ್ಟುಕೊಳ್ಳಿ. ಧಾರವಾಡದಲ್ಲಿ 7,000ಕ್ಕೆ ಒಂದು ಮನೆ ಸಿಕ್ಕಿತು, ನವನಗರದಲ್ಲಿ ಅಂಥದ್ದೇ ಮನೆಗೆ 9,000 ಕೇಳಿದರು. ಧಾರವಾಡದಿಂದ ಬೈಕಿನಲ್ಲಿ ಹೋಗಿ ಬಂದರೆ ದಿನಕ್ಕೆ 40 ಕಿ.ಮೀ. ಲೀಟರಿಗೆ 45 ಕಿ.ಮೀ. ಕೊಡುವ ಗಾಡಿ, ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲು. ದಿನಕ್ಕೆ 90 ರೂಪಾಯಿ ಹೋಯಿತು. ತಿಂಗಳಿಗೆ 25 ದಿನ ಅಂದರೆ 2,250. ನವನಗರದಿಂದ ದಾರಿ ಅರ್ಧ, ಖರ್ಚೂ ಅರ್ಧ, ಸುಮಾರು 1,125. ಬಾಡಿಗೆಯಲ್ಲಿ ಕಂಡ 2,000ದ ವ್ಯತ್ಯಾಸ ಅಲ್ಲಿಗೆ 900ರ ಹತ್ತಿರಕ್ಕೆ ಇಳಿಯಿತು. ಈಗ ಗಾಡಿಯ ಟೈರು, ಆಯಿಲ್, ಸರ್ವಿಸ್ ಸೇರಿಸಿ. ಜೊತೆಗೆ ದಿನಾ ರಸ್ತೆ ಮೇಲೆ ಹೋಗುವ ಹೊತ್ತು. ಅಷ್ಟೆಲ್ಲ ನೋಡಿದ ಮೇಲೂ ಧಾರವಾಡದ ಮನೆಯೇ ಮೇಲು ಅನ್ನಿಸಿದರೆ ಅದನ್ನೇ ಹಿಡಿಯಿರಿ, ಅಡ್ಡಿಯಿಲ್ಲ. ನೋಡದೆ ಹಿಡಿಯಬೇಡಿ.

ಬಸ್ಸಿಗೆ ಹೋಗುವವರಿಗೆ 2018ರಿಂದ ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಅನ್ನುವ ಎಸಿ ಬಸ್ಸು ಇದೆ. ಅದಕ್ಕೇ ಬೇರೆ ದಾರಿ ಇರುವುದರಿಂದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಆದರೆ ಹೆಣ್ಣುಮಕ್ಕಳು ಒಂದು ಗಮನಿಸಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಎಸಿ ಬಸ್ಸಿಗೆ ಇಲ್ಲ, ಸಾದಾ ಬಸ್ಸಿಗೆ ಇದೆ. ನನ್ನ ಮಗಳು ಹತ್ತು ನಿಮಿಷ ಮೊದಲೇ ಹೊರಟು ಸಾದಾ ಬಸ್ಸು ಹಿಡಿಯುತ್ತಾಳೆ, ತಡವಾದ ದಿನ ಮಾತ್ರ ಚಿಗರಿ. ಗಂಡಸರು ಪಾಸಿನ ದರ ಕೇಳಿ, ಪೆಟ್ರೋಲಿನ ಜೊತೆ ಇಟ್ಟು ನೋಡಿ. ಮತ್ತೆ, "ಬಸ್ ಸ್ಟಾಪ್ ಇಲ್ಲೇ ಹತ್ರ ಐತ್ರಿ" ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಮನೆ ಬಾಗಿಲಿಂದ ಸ್ಟಾಪಿನವರೆಗೆ ನೀವೇ ನಡೆದು ನೋಡಿ. ಸ್ಟಾಪಿಗೆ ಹೋಗಲು ಆಟೋ ಬೇಕು ಅಂತಾದರೆ ಬಸ್ಸಿನಲ್ಲಿ ಉಳಿಸಿದ್ದು ಆಟೋಕ್ಕೆ ಹೋಗುತ್ತದೆ.

ಇನ್ನೊಂದು ದಾರಿಯನ್ನೂ ಯೋಚಿಸಿ. ಊರಲ್ಲಿ ಸ್ವಂತ ಮನೆ ಇದ್ದು, ಕೆಲಸ ಮಾಡುವವರು ಒಬ್ಬರೇ ಆಗಿದ್ದರೆ ಮನೆ ಬದಲಿಸಲೇಬೇಕು ಅಂತಿಲ್ಲ. ಗದಗ, ಅಣ್ಣಿಗೇರಿ, ಕುಂದಗೋಳದಿಂದ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಹೋಗುವವರು ಬಹಳ ಜನ. ಗದಗಿನಿಂದ ರೈಲು ದಾರಿ 58 ಕಿ.ಮೀ. ಅಷ್ಟೇ. ರೈಲ್ವೆಯ ಸೀಸನ್ ಟಿಕೆಟ್ 150 ಕಿ.ಮೀ. ದೂರದವರೆಗೆ ಸಿಗುತ್ತದೆ. ಮೂರು ತಿಂಗಳದ್ದು ತೆಗೆಸಿದರೆ ಇನ್ನೂ ಅಗ್ಗ. ಬೆಳಗಿನ ಗಾಡಿಯ ಹೊತ್ತು ಕೆಲಸದ ಹೊತ್ತಿಗೆ ಕೂಡುತ್ತದಾ ನೋಡಿಕೊಳ್ಳಿ. ಕೂಡಿದರೆ ಬಾಡಿಗೆ ಪೂರ್ತಿ ಉಳಿಯಿತು.

ಇನ್ನು ನೀರು. ನನ್ನನ್ನು ಕೇಳಿದರೆ ಈ ಅವಳಿ ಊರಿನಲ್ಲಿ ಮನೆ ನೋಡುವಾಗ ಎಲ್ಲಕ್ಕಿಂತ ಮುಖ್ಯ ಇದೇ. ಮಲಪ್ರಭಾ ಮತ್ತು ನೀರಸಾಗರದ ನೀರು ನಮಗೆ ಆಧಾರ. 2008ರ ಹೊತ್ತಿಗೆ ಕೆಲವು ಭಾಗಗಳಿಗೆ ದಿನದ 24 ತಾಸೂ ನೀರು ಬಂತು. ಉಳಿದ ಕಡೆ ಅಷ್ಟು ದಿನಕ್ಕೊಮ್ಮೆ, ಇಷ್ಟು ದಿನಕ್ಕೊಮ್ಮೆ ಅಂತ ಬಿಡುತ್ತಾರೆ. ಹಾಗಾಗಿ ಪಕ್ಕಪಕ್ಕದ ಎರಡು ಬಡಾವಣೆಗಳಲ್ಲೇ ಬದುಕು ಬೇರೆ ಬೇರೆ. ಮಾಲಕರನ್ನು ಕೇಳಿ, ಆದರೆ ಅಷ್ಟಕ್ಕೆ ಬಿಡಬೇಡಿ. ಎದುರು ಮನೆ ಕಟ್ಟೆ ಮೇಲೆ ಕೂತ ಹೆಣ್ಣುಮಗಳನ್ನು ಕೇಳಿ: "ಅಕ್ಕಾರ, ಇಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ್ರಿ? ಬ್ಯಾಸಿಗ್ಯಾಗ ಹೆಂಗ್ರಿ?" ಎರಡನೇ ಪ್ರಶ್ನೆ ಮರೆಯಬೇಡಿ. ಮಳೆಗಾಲದಲ್ಲಿ ಮನೆ ನೋಡಿದವರಿಗೆ ಏಪ್ರಿಲ್ ತಿಂಗಳು ಹೇಗಿರುತ್ತದೆ ಅಂತ ಗೊತ್ತಾಗುವುದಿಲ್ಲ.

ಆಮೇಲೆ ಮಾಳಿಗೆ ಹತ್ತಿ ಟಾಕಿ ನೋಡಿ. ಎಷ್ಟು ಲೀಟರಿನದು, ನಿಮ್ಮ ಮನೆಗೇ ಬೇರೆ ಇದೆಯಾ ಅಥವಾ ಮೂರು ಮನೆಗೆ ಒಂದೇನಾ? ಒಂದೇ ಆಗಿದ್ದರೆ ಮೋಟರು ಯಾರು ಹಚ್ಚುತ್ತಾರೆ? ನೆಲದಡಿ ತೊಟ್ಟಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಡ್ರಮ್ಮು ಕೊಳ್ಳಬೇಕು, ಅದಕ್ಕೆ ಜಾಗ ಬೇಕು, ಸೊಳ್ಳೆ ಕೂರದಂತೆ ಮುಚ್ಚಳ ಬೇಕು. ಬೋರಿನ ನೀರು ಇದೆ ಅಂದರೆ ಬಚ್ಚಲಿಗೆ ಹೋಗಿ ನಲ್ಲಿಯ ಬುಡ ನೋಡಿ. ಬೆಳ್ಳಗೆ ಸುಣ್ಣದ ಹಾಗೆ ಹಕ್ಕಳೆ ಕಟ್ಟಿದ್ದರೆ ಸವಳು ನೀರು. ಅದರಲ್ಲಿ ಬೇಳೆ ಬೇಯಲು ಗ್ಯಾಸು ಜಾಸ್ತಿ ಬೇಕು, ಗೀಜರಿನ ಕಾಯಿಲ್ ಬೇಗ ಕೆಡುತ್ತದೆ, ಬಟ್ಟೆಗೆ ಸಾಬೂನು ಎರಡರಷ್ಟು. ಕುಡಿಯುವುದಕ್ಕೆ ನಾಣ್ಯ ಹಾಕಿ ತುಂಬಿಸುವ ಶುದ್ಧ ನೀರಿನ ಘಟಕ ಹತ್ತಿರ ಇದೆಯಾ ನೋಡಿಕೊಳ್ಳಿ. ಟ್ಯಾಂಕರ್ ತರಿಸಬೇಕಾದರೆ ದುಡ್ಡು ಯಾರದು ಅನ್ನುವುದನ್ನು ಮೊದಲೇ ಮಾತಾಡಿ. ಬೇಸಿಗೆಯಲ್ಲಿ ಮಾತಾಡಲು ಹೋದರೆ ಜಗಳವೇ.

ಕರೆಂಟಿನ ವಿಷಯಕ್ಕೆ ಬಂದರೆ, ನಿಮ್ಮ ಮನೆಗೆ ಬೇರೆ ಮೀಟರ್ ಇರಲೇಬೇಕು. ಇದರಲ್ಲಿ ರಾಜಿ ಬೇಡ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಅದು ಬಿಲ್ಲಿನಲ್ಲಿರುವ ಮೀಟರಿನ ಆರ್‌ಆರ್ ಸಂಖ್ಯೆಗೆ ನಿಮ್ಮ ಆಧಾರ್ ಜೋಡಿಸಿದ ಮೇಲೆ. ಎಷ್ಟು ಯೂನಿಟ್ ಉಚಿತ ಅನ್ನುವುದನ್ನು ಆ ಮೀಟರಿನ 2022-23ರ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ ನಿಗದಿ ಮಾಡಿದ್ದಾರೆ. ಅದಕ್ಕಿಂತ ಮೇಲೆ ಬಳಸಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಆದ್ದರಿಂದ ಮನೆ ನೋಡುವಾಗಲೇ ಹಳೆಯ ಹೆಸ್ಕಾಂ ಬಿಲ್ ಒಂದನ್ನು ಕೇಳಿ ಪಡೆಯಿರಿ, ಎಲ್ಲ ಗೊತ್ತಾಗುತ್ತದೆ. ಎರಡು ಮನೆಗೆ ಒಂದೇ ಮೀಟರ್ ಇದ್ದರೆ, ಅಥವಾ ಇಡೀ ಕಟ್ಟಡದ ನೀರಿನ ಮೋಟರು ನಿಮ್ಮ ಮೀಟರಿಗೇ ಕೂಡಿದ್ದರೆ, 200 ದಾಟುವುದು ಏನೂ ಕಷ್ಟವಿಲ್ಲ.

ಅಡ್ವಾನ್ಸ್ ಕೊಡುವಾಗ ಬರೀ ಬಾಯಿಮಾತು ಸಾಲದು. ಬಾಂಡಿನ ಮೇಲೆ ಕರಾರು ಮಾಡಿಸಿ. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮೊದಲು ಹೇಳಬೇಕು, ಮೂರನ್ನೂ ಬರೆಸಿ. ಬಾಡಿಗೆ ಇಲ್ಲದ ಲೀಸ್ ಮನೆ ಕಡೆ ಕಣ್ಣು ಹೋಗುವುದು ಸಹಜ, ಒಮ್ಮೆ ನಾಲ್ಕೈದು ಲಕ್ಷ ಕೊಟ್ಟರೆ ತಿಂಗಳ ತಾಪತ್ರಯವಿಲ್ಲ ಅನ್ನಿಸುತ್ತದೆ. ಅಷ್ಟು ದೊಡ್ಡ ಗಂಟು ಕೊಡುವ ಮೊದಲು ಆ ಮನೆಯ ಇಸಿ (ಋಣಭಾರ ಪತ್ರ) ತೆಗೆಸಿ ನೋಡಿ, ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ವಿಚಾರಿಸಿ. ಮಾಲಕರು ಕಂತು ಕಟ್ಟದಿದ್ದರೆ ಬ್ಯಾಂಕು ಮನೆ ಹಿಡಿಯುತ್ತದೆ, ನಿಮ್ಮ ಹಣಕ್ಕೆ ನೀವು ಅಲೆಯಬೇಕು. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು.

ಊಟದ ಖರ್ಚಿನಲ್ಲಿ ಮಾತ್ರ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಊರಿನ ನಂಟು ಬಿಡಬೇಡಿ. ಹಿಂಗಾರಿ ಜೋಳದ ಸುಗ್ಗಿ ಫೆಬ್ರವರಿ-ಮಾರ್ಚ್‌ಗೆ ಮುಗಿಯುತ್ತದೆ. ನವಲಗುಂದ, ಅಣ್ಣಿಗೇರಿ, ಗದಗಿನ ಎರಿ ಹೊಲದ ಬಿಳಿಜೋಳ ಆಗ ಹೊಸದಾಗಿ ಬರುತ್ತದೆ. ಕಿರಾಣಿ ಅಂಗಡಿಯಲ್ಲಿ ತಿಂಗಳು ತಿಂಗಳು ಐದೈದು ಕಿಲೋ ತರುವ ಬದಲು ಆಗಲೇ ವರ್ಷದ್ದು ತುಂಬಿಸಿಕೊಳ್ಳಿ. ಪರಿಚಯದ ರೈತರು ಇಲ್ಲದಿದ್ದರೆ ಹುಬ್ಬಳ್ಳಿ ಅಮರಗೋಳದ ಎಪಿಎಂಸಿಗೆ ಎರಡು ಮೂರು ಮನೆಯವರು ಕೂಡಿ ಹೋಗಿ ಚೀಲ ತಂದು ಹಂಚಿಕೊಳ್ಳಬಹುದು. ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡಿ. ಕಟ್ ಅಂತ ಮುರಿಯಬೇಕು. ಮೆತ್ತಗೆ ಅನ್ನಿಸಿದರೆ ತೇವ ಇದೆ, ನುಸಿ ಹಿಡಿಯುತ್ತದೆ. ತಂದ ಮೇಲೆ ಮಾಳಿಗೆ ಮೇಲೆ ಚೆನ್ನಾಗಿ ಬಿಸಿಲಿಗೆ ಹಾಕಿ, ಆರಿದ ಮೇಲೆ ಒಣಗಿದ ಬೇವಿನ ಎಲೆ ನಡುನಡುವೆ ಹಾಕಿ ಡಬ್ಬಿಗೆ ತುಂಬಿ. ಬಾಡಿಗೆ ಮನೆಯಲ್ಲಿ ಗೋಣಿಚೀಲ ಇಡಬೇಡಿ, ಇಲಿ ಬರುತ್ತವೆ. ಜಾಗ ಸಣ್ಣದಿದ್ದರೆ ಆರು ತಿಂಗಳಿನದು ಸಾಕು.

ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಕೂಡ ಬೇಸಿಗೆಯ ಮೊದಲಿಗೇ ಕೊಂಡು ಖಾರಪುಡಿ ಮಾಡಿಸಿಟ್ಟರೆ ವರ್ಷ ನಿಶ್ಚಿಂತೆ. ನಾನು ಖಡಕ್ ರೊಟ್ಟಿಯನ್ನು ವಾರಕ್ಕೊಮ್ಮೆ ಒಂದೇ ಕೂತಿನಲ್ಲಿ ಮಾಡುತ್ತೇನೆ. ಹಂಚು ಒಮ್ಮೆ ಕಾದರೆ ಮುಗಿಯಿತು, ದಿನಾ ಕಾಯಿಸುವ ಗ್ಯಾಸು ಉಳಿಯುತ್ತದೆ. ಹೊರಗೆ ದುಡಿಯುವ ಹೆಣ್ಣುಮಕ್ಕಳಿಗೆ ಇದು ಆಗದಿದ್ದರೆ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕಂದಿರ ಹತ್ತಿರ ಕೊಳ್ಳಿ. ಹೋಟೆಲಿನ ಪಾರ್ಸೆಲ್‌ಗಿಂತ ಅದು ಎಷ್ಟೋ ಅಗ್ಗ, ಅವರ ಮನೆಯೂ ನಡೆಯುತ್ತದೆ. ತಪ್ಪಲು ಪಲ್ಯಕ್ಕೆ ಸಂಜೆ ಹೋಗಿ. ಮೆಂತ್ಯೆ, ರಾಜಗಿರಿ, ಪುಂಡಿಪಲ್ಯ ಮರುದಿನಕ್ಕೆ ಉಳಿಯುವುದಿಲ್ಲವಾದ್ದರಿಂದ ಮುದುಕಿಯರು ಕೊನೆ ಸೂಡುಗಳನ್ನು ಇಳಿಸಿ ಕೊಡುತ್ತಾರೆ. ಅವರ ಹತ್ತಿರ ಮತ್ತೂ ಚೌಕಾಸಿ ಮಾಡಬೇಡಿ.

ಕಿರಾಣಿಯಲ್ಲಿ ಉದ್ರಿ ಬರೆಸುವ ಅಭ್ಯಾಸ ಬೇಡ ಅಂತ ನಾನು ಹೇಳುವುದಿಲ್ಲ, ಪಗಾರ ತಡವಾದಾಗ ಅದೇ ಕೈಹಿಡಿಯುತ್ತದೆ. ಆದರೆ ಉದ್ರಿ ಪುಸ್ತಕ ನಿಮ್ಮ ಹತ್ತಿರವೂ ಒಂದು ಇರಲಿ, ಪ್ರತಿ ಸಲ ರೇಟು ಬರೆಯಿರಿ.

ಮಕ್ಕಳನ್ನು ಮಾತ್ರ ಓದಲು ಕಳಿಸುವವರಿಗೆ ಎರಡು ಮಾತು. ಧಾರವಾಡದ ಸಪ್ತಾಪುರದ ಸುತ್ತ ಪರೀಕ್ಷೆಗೆ ಓದುವ ಹುಡುಗರು ತುಂಬಿದ್ದಾರೆ, ಪಿಜಿಗಳೂ ಬೇಕಾದಷ್ಟಿವೆ. ಪಿಜಿ ಹುಡುಕುವ ಮೊದಲು ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಿ. ಮುರುಘಾಮಠದ ಪ್ರಸಾದ ನಿಲಯದಲ್ಲಿ ಇದ್ದು ಓದಿ ಮುಂದೆ ಬಂದ ಬಡವರ ಮಕ್ಕಳು ನಮ್ಮ ಊರುಗಳಲ್ಲಿ ಎಷ್ಟೋ ಜನ ಇದ್ದಾರೆ, ಅಲ್ಲಿಯೂ ವಿಚಾರಿಸಿ. ಹಿಂದುಳಿದ ವರ್ಗದ ಕಾಲೇಜು ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟು ಅಂತ ಸಹಾಯಧನ ಇದೆ. ಅರ್ಜಿಯ ಕೊನೆ ದಿನ ತಪ್ಪಿಸಬೇಡಿ. ಶಾಲೆ ಸೇರಿಸುವಾಗ ಫೀ ಜೊತೆ ವ್ಯಾನು, ಬಟ್ಟೆ, ಪುಸ್ತಕ ಎಲ್ಲ ಕೂಡಿಸಿ ಎಷ್ಟು ಅಂತ ಕೇಳಿ. ನಡೆದು ಹೋಗುವ ದೂರದಲ್ಲಿ ಒಳ್ಳೆ ಶಾಲೆ ಇದ್ದರೆ ವ್ಯಾನಿನ ದುಡ್ಡು ಉಳಿದ ಹಾಗೆ. ಮನೆಯಲ್ಲಿ ಬಿಪಿ, ಶುಗರ್ ಇರುವ ಹಿರಿಯರಿದ್ದರೆ ಹತ್ತಿರದ ಜನೌಷಧಿ ಅಂಗಡಿ ಎಲ್ಲಿದೆ ತಿಳಿದುಕೊಳ್ಳಿ.

ಮನೆ ಬಿಡುವಾಗ ನಲ್ಲಿ, ಸ್ವಿಚ್ಚು, ಬಾಗಿಲು ಎಲ್ಲದರ ಫೋಟೋ ತೆಗೆದು ಮಾಲಕರಿಗೆ ಕಳಿಸಿ, ಅಡ್ವಾನ್ಸ್ ಕೈಗೆ ಬಂದ ಮೇಲೆ ಕೀಲಿ ಕೊಡಿ. ಹಳೆ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿಕೊಂಡು, ಆಮೇಲೆ ಹೊಸ ಮನೆಯ ಆರ್‌ಆರ್ ಸಂಖ್ಯೆಗೆ ಗೃಹಜ್ಯೋತಿ ಅರ್ಜಿ ಹಾಕಿ. ಹೊಸ ಮನೆಗೆ ಹೋದ ವಾರದಲ್ಲೇ ಈ ಕೆಲಸ ಮುಗಿಸಿದರೆ ಮೊದಲ ತಿಂಗಳ ಬಿಲ್ಲಿನ ತಲೆನೋವು ಇರುವುದಿಲ್ಲ.