‘ಹೊಳೆ’ ಸಿಕ್ಕಿತು, ‘ಕಾಡು’ ಕಾಡಿತು

ನವೋದಯ ಕವಿತೆಗಳಲ್ಲಿ ಹೊಳೆ, ಕಾಡು ಎಷ್ಟು ಸಲ ಬರುತ್ತವೆ ಅಂತ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಎಣಿಸಲು ಕೂತೆ. ‘ಹೊಳೆ’ಗೆ ಸೊನ್ನೆ ಬಂತು! ಅದು ಬಿಡಿಸಿಕೊಟ್ಟ ಪದಗಳ ಪಟ್ಟಿ ತೆಗೆದು ನೋಡಿದರೆ ‘ಹ’, ‘ಳ’ ಬೇರೆ ಬೇರೆ ಬಿದ್ದಿದ್ದವು. ಪೈಥಾನ್‌ನ ‘ರೀ’ (re) ಮಾಡ್ಯೂಲ್, ಅಂದರೆ ಕೊಟ್ಟ ಪ್ಯಾಟರ್ನಿಗೆ ಹೊಂದುವ ಪದಗಳನ್ನು ಹುಡುಕಿಕೊಡುವ ಸಲಕರಣೆ, ನಮ್ಮ ಸ್ವರಚಿಹ್ನೆಗಳನ್ನು ಅಕ್ಷರ ಅಂತ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಕನ್ನಡದ ಇಡೀ ಯೂನಿಕೋಡ್ ಬ್ಲಾಕನ್ನೇ (ಸ್ವರಚಿಹ್ನೆಗಳೂ ಸೇರಿದ ಕನ್ನಡ ಲಿಪಿಯ ಸಂಕೇತಗಳ ಗುಂಪನ್ನು) ಪ್ಯಾಟರ್ನ್‌ಗೆ ಕೊಟ್ಟೆ. ಸರಿಹೋಯಿತು.

ನಿಜವಾದ ಕಷ್ಟ ಆಮೇಲೆ. ವಿಭಕ್ತಿ ಸೇರಿದ ರೂಪಗಳೂ ಸಿಗಲಿ ಅಂತ ‘ಕಾಡಿ’ಯಿಂದ ಶುರುವಾಗುವ ಪದಗಳನ್ನೆಲ್ಲ ಹಿಡಿದೆ. ‘ಕಾಡಿನ’ ಸರಿ. ಆದರೆ ‘ಕಾಡಿತು’ ಅಂದರೆ ನೆನಪು ಕಾಡಿದ್ದು, ಅಲ್ವಾ? ‘ಕಾಡಿಗೆ’ ಅಂದರೆ ಕಣ್ಣಿಗೆ ಹಚ್ಚುವುದೂ ಇರಬಹುದು! ಕೊನೆಗೆ ನಾಮಪದದ ರೂಪಗಳ ಪಟ್ಟಿಯನ್ನು ಕೈಯಲ್ಲೇ ಬರೆದೆ. ಅನುಮಾನ ಬಂದವನ್ನು ಇಡೀ ಸಾಲಿನ ಜೊತೆ ಓದಿ ಬೇರ್ಪಡಿಸಿದೆ. ಇದಕ್ಕೇ ಹೊತ್ತು ಜಾಸ್ತಿ ಹಿಡಿಯಿತು, ನನಗೆ ತುಂಬಾ ಖುಷಿ ಕೊಟ್ಟಿದ್ದೂ ಇದೇ.