ಕಾಲುಸಂಕದ ಕಡತ ಹಿಡಿದು ಸಾರ್ವಜನಿಕ ಆಡಳಿತ: ನನ್ನ ಅನುಭವ

'ಪರೀಕ್ಷೆಗೆ ಬರದ್ದನ್ನು ಯಾಕೆ ಮಾಡಿಸ್ತೀರಿ?' ಸಾರ್ವಜನಿಕ ಆಡಳಿತ ಓದುವ ಹುಡುಗರಿಗೆ ಗ್ರಾಮ ಪಂಚಾಯಿತಿಯ ಕಾಮಗಾರಿ ಕಡತ ಓದಿಸುತ್ತೇನೆ, ಅದಕ್ಕೆ ಮೂರು ವರ್ಷ ಸ್ಟಾಫ್ ರೂಮಿನಲ್ಲಿ ಇದೇ ಮಾತು. ಈ ಸಲ ಎಂಟು ಗುಂಪಿನಲ್ಲಿ ಏಳು ಗುಂಪು ಕಡತವನ್ನು ಕೊನೆಯ ಹಾಳೆವರೆಗೆ ಓದಿ ಮುಗಿಸಿದವು. ಹಾಗಾಗಿ ಬರೆಯುತ್ತಿದ್ದೇನೆ.

ವಿಧಾನ ಇಷ್ಟೇ. ಮೂವರ ಒಂದು ಗುಂಪಿಗೆ ಒಂದು ಕಾಮಗಾರಿ. ಅದು ವಾರ್ಡ್ ಸಭೆಯಲ್ಲಿ ಬಾಯಿಮಾತಾಗಿ ಹುಟ್ಟಿದ ದಿನದಿಂದ ಹಣ ಪಾವತಿಯಾದ ದಿನದವರೆಗೆ ಪ್ರತಿ ಹಾಳೆಯ ತಾರೀಖು, ಸಹಿ, ಮೊತ್ತ ಬರೆದುಕೊಳ್ಳಬೇಕು. ಮಲೆನಾಡಿನಲ್ಲಿ ಇದಕ್ಕೆ ಕಾಲುಸಂಕದಷ್ಟು (ಹಳ್ಳ ದಾಟುವ ಸಣ್ಣ ಕಾಲುಸೇತುವೆ) ಒಳ್ಳೆಯ ಕಾಮಗಾರಿ ಇನ್ನೊಂದಿಲ್ಲ. ಚಿಕ್ಕದು, ಒಂದು ಟೇಪಿನಲ್ಲಿ ಅಳೆಯಬಹುದು, ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಬೇಕೇ ಬೇಕು, ಹಾಗಾಗಿ ಊರಲ್ಲಿ ಎಲ್ಲರಿಗೂ ಅದರ ಚರಿತ್ರೆ ಬಾಯಿಪಾಠ. ಮೊದಲ ವರ್ಷ ರಸ್ತೆ ಕೊಟ್ಟು ಕೆಟ್ಟೆವು. ಒಂದೇ ರಸ್ತೆಗೆ ಮೂರು ಅನುದಾನ, ಎರಡು ಇಲಾಖೆ; ಯಾವ ಮೀಟರು ಯಾರದ್ದು ಎಂದೇ ಬಗೆಹರಿಯಲಿಲ್ಲ.

ಆ ವರ್ಷದ ಇನ್ನೊಂದು ಎಡವಟ್ಟು ಮಾಹಿತಿ ಹಕ್ಕು ಅರ್ಜಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹುಡುಗರು ಕ್ರಿಯಾ ಯೋಜನೆ, ಬಿಲ್ಲು, ನಡಾವಳಿ ಎಲ್ಲ ಒಂದರಲ್ಲೇ ತುರುಕಿದ್ದರು, ವಾಪಸ್ ಬಂತು. ತಿದ್ದಿ ಹಾಕಿದ ಮೇಲೆ 30 ದಿನದ ಗಡುವಿನ ಅಂಚಿಗೆ ಪ್ರತಿ ಸಿಕ್ಕಿತು: 10 ರೂಪಾಯಿ ಪೋಸ್ಟಲ್ ಆರ್ಡರು, ಪುಟಕ್ಕೆ 2 ರೂಪಾಯಿಯಂತೆ ಎಪ್ಪತ್ತು ಚಿಲ್ಲರೆ ಪುಟ. ಅಷ್ಟರಲ್ಲಿ ಸೆಮಿಸ್ಟರೇ ಮುಗಿದಿತ್ತು. ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಬೇರೆ. ಅರ್ಜಿ ಬಿದ್ದ ಕೂಡಲೇ ಪಂಚಾಯಿತಿಯವರ ಕಣ್ಣಿಗೆ ನಾವು ದೂರುದಾರರಾದೆವು. ಎರಡನೇ ವರ್ಷದಿಂದ ಪ್ರಾಂಶುಪಾಲರ ಪತ್ರ, 'ನೋಡಿ ಬರೆದುಕೊಳ್ಳಲು ಮಾತ್ರ, ಪ್ರತಿ ಬೇಡ' ಎಂಬ ಒಂದು ಸಾಲು. ಆ ಪತ್ರದಲ್ಲಿ ಇನ್ನೊಂದು ಸಾಲೂ ಇದೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕುರ್ಚಿ ತೋರಿಸುವುದು ಅದನ್ನು ಓದಿದ ಮೇಲೆಯೇ. ಅದು ನನ್ನ ಹತ್ತಿರವೇ ಇರಲಿ.

ಕಾಲ ಬಹಳ ಮುಖ್ಯ. ಜುಲೈ, ಆಗಸ್ಟಿನಲ್ಲಿ ಹೋದರೆ ಕರೆಂಟಿಲ್ಲ, ಪಂಚಾಯಿತಿಯ ಪಂಚತಂತ್ರ ತಂತ್ರಾಂಶ ತೆರೆಯುವುದಿಲ್ಲ, ಹೊಳೆ ದಾಟಿ ಹುಡುಗರೂ ಬರುವುದಿಲ್ಲ. ಮಾರ್ಚಿನಲ್ಲಿ ಬಿಲ್ಲಿನ ಗಲಾಟೆ, ಯಾರೂ ಮುಖ ಎತ್ತುವುದಿಲ್ಲ. ಅಕ್ಟೋಬರ್ 2ರ ನಂತರ ಮುಂದಿನ ವರ್ಷದ ಯೋಜನೆಗೆ ಸಭೆಗಳು ಶುರುವಾಗುತ್ತವೆ, ಆಗ ವಾರ್ಡ್ ಸಭೆ ನೋಡಿಸಬೇಕು. ನಡುವೆ ಅಡಿಕೆ ಕೊಯ್ಲು. ಅರ್ಧ ತರಗತಿ ತೋಟದಲ್ಲಿ, ಸದಸ್ಯರೂ ಅಲ್ಲೇ. ಕಡತಕ್ಕೆ ಫೆಬ್ರವರಿ ಮೊದಲ ಎರಡು ವಾರ.

ಕಡತವನ್ನು ಪುಟದ ಕ್ರಮದಲ್ಲಿ ಓದಬೇಡಿ, ತಾರೀಖಿನ ಕ್ರಮದಲ್ಲಿ ಓದಿಸಿ. ಒಂದು ಉದ್ದ ಹಾಳೆ ಅಡ್ಡ ಹಾಕಿ ಗೆರೆ ಎಳೆದು ಗ್ರಾಮಸಭೆ, ಠರಾವು, ಕ್ರಿಯಾ ಯೋಜನೆಯ ಅನುಮೋದನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು, ಪಾವತಿ ಎಂದು ಗುರುತು ಹಾಕಿಸಿದರೆ, ಎಲ್ಲಿ ನಾಲ್ಕು ತಿಂಗಳು ಖಾಲಿ ಬಿದ್ದಿದೆ ಎಂದು ಕಣ್ಣಿಗೆ ಹೊಡೆಯುತ್ತದೆ. ಆ ಖಾಲಿ ಜಾಗದ ಕಾರಣ ಟಿಪ್ಪಣಿ ಹಾಳೆಯಲ್ಲಿರುತ್ತದೆ. ಅಲ್ಲೂ ಇಲ್ಲದಿದ್ದರೆ ವಾಟರ್‌ಮ್ಯಾನ್‌ನನ್ನು ಕೇಳಬೇಕು.

ಅಳತೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಹುಡುಗರು ಮುಗ್ಗರಿಸುವುದು ಇಲ್ಲೇ. ಒಂದು ಅಳತೆ ಪುಸ್ತಕದಲ್ಲಿ ಸ್ಲ್ಯಾಬು ಉದ್ದ 6 ಮೀಟರ್, ಅಗಲ 1.2, ದಪ್ಪ 0.15 ಎಂದಿತ್ತು, ಗುಣಿಸಿದರೆ 1.08 ಘನ ಮೀಟರ್ ಕಾಂಕ್ರೀಟು. ಗುಂಪು ಹೋಗಿ ಟೇಪು ಹಿಡಿದರೆ 5.4 ಮೀಟರೇ ಸಿಕ್ಕಿತು. 'ಸಾರ್, ಅರವತ್ತು ಸೆಂಟಿಮೀಟರು ನುಂಗಿದ್ದಾರೆ' ಎಂದು ಫೋನು. ಅಸಲಿಗೆ ಅವರು ಅಳೆದದ್ದು ಎರಡು ಗೋಡೆಗಳ ನಡುವಿನ ತೆರವು. ಸ್ಲ್ಯಾಬು ಆಚೆ ಈಚೆ ಗೋಡೆಯ ಮೇಲೆ 30 ಸೆಂಟಿಮೀಟರ್‌ನಂತೆ ಕೂತಿತ್ತು, ಮೇಲೆ ಮಣ್ಣು ಬಿದ್ದು ಹುಲ್ಲು ಬೆಳೆದಿತ್ತು. ಗುದ್ದಲಿಯಲ್ಲಿ ನಾಲ್ಕು ಸಲ ಕೆರೆದಾಗ ಲೆಕ್ಕ ಸರಿಹೋಯಿತು. ಅಂದಿನಿಂದ ನಿಯಮ: 30 ಮೀಟರ್ ಟೇಪಿನ ಜೊತೆ ಒಂದು ಸಣ್ಣ ಗುದ್ದಲಿ, ಮತ್ತು 'ಕಳ್ಳತನ' ಎಂಬ ಪದ ವರದಿಯಲ್ಲಿ ಬರಕೂಡದು. ವ್ಯತ್ಯಾಸ ಇದ್ದರೆ ಅಂಕಿ ಬರೆಯಿರಿ, ಸಾಕು.

ಸಂಕದ ಬೇಡಿಕೆ ವರ್ಷಗಟ್ಟಲೆ ಯಾಕೆ ಕೊಳೆಯುತ್ತದೆ ಎನ್ನುವುದಕ್ಕೆ ಹುಡುಗರು ಮೊದಲು ಕೊಡುವ ಉತ್ತರ 'ರಾಜಕೀಯ'. ಲೆಕ್ಕ ಹಾಕಿಸಿದರೆ ಬೇರೆಯೇ ಕಾಣುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ, 2021-22ರಿಂದ 2025-26ರವರೆಗೆ, ಶೇ 60 ನೀರಿಗೂ ನೈರ್ಮಲ್ಯಕ್ಕೂ ಕಟ್ಟುಬಿದ್ದಿತ್ತು. 10 ಲಕ್ಷ ಬಂದರೆ ಕೈಗೆ ಬಿಡುವಿದ್ದದ್ದು 4 ಲಕ್ಷ. ಬೀದಿದೀಪ, ಚರಂಡಿ ಪಕ್ಕದ ರಸ್ತೆ, ಸಂಕ ಎಲ್ಲ ಅದರಲ್ಲೇ. ಸರಿ, ನರೇಗಾಕ್ಕೆ ಹಾಕೋಣ ಎಂದರೆ ಕೂಲಿಗೂ ಸಾಮಗ್ರಿಗೂ 60:40 ಇರಬೇಕಿತ್ತು. ಸಂಕ ಎಂದರೆ ಸಿಮೆಂಟು, ಕಬ್ಬಿಣ. ಆ ಭಾರ ತೂಗಿಸಲು ಬಸಿಗಾಲುವೆ, ಇಂಗುಗುಂಡಿಯಂಥ ಕೂಲಿ ಹೆಚ್ಚಿರುವ ಕೆಲಸಗಳು ಅದೇ ಪಂಚಾಯಿತಿಯಲ್ಲಿ ನಡೆದಿರಬೇಕಿತ್ತು. 2024-25ರಲ್ಲಿ ದಿನಗೂಲಿ 349 ರೂಪಾಯಿ. ತೋಟದಲ್ಲಿ ಅದಕ್ಕಿಂತ ಜಾಸ್ತಿ ಸಿಗುವಾಗ ಬಸಿಗಾಲುವೆಗೆ ಯಾರು ಬರ್ತಾರೆ? ಇಷ್ಟು ಅರ್ಥವಾದ ಮೇಲೆ ಹಣಕಾಸು ಆಯೋಗದ ಪಾಠವನ್ನು ನಾನು ಮತ್ತೆ ಮಾಡಲಿಲ್ಲ.

ಖರ್ಚು: ಶಕ್ತಿ ಯೋಜನೆ ಇದೆಯಲ್ಲ ಎನ್ನಬೇಡಿ. ನಮ್ಮ ಒಳಹಳ್ಳಿಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಹೆಣ್ಣುಮಕ್ಕಳಿಗೂ ಟಿಕೆಟ್ಟು. ಒಬ್ಬರಿಗೆ ನಾಲ್ಕು ಸಲದ ಓಡಾಟಕ್ಕೆ ಇನ್ನೂರರ ಸುಮಾರು, ಜೆರಾಕ್ಸು, ಚಹಾ ಸೇರಿ ಮುನ್ನೂರು. ಇಪ್ಪತ್ನಾಲ್ಕು ಜನಕ್ಕೆ ಏಳು ಸಾವಿರ ಚಿಲ್ಲರೆ. ಎರಡು ಟೇಪು ನನ್ನ ಜೇಬಿನಿಂದ. ಒಂದು ಹಳ್ಳದ ಪಾಲಾಯಿತು.

ನಡುವೆ ಇನ್ನೊಂದು ಪ್ರಯೋಗ ಮಾಡಿ ನೋಡಿದೆ. ವಾರ್ಡ್ ಸಭೆಯಲ್ಲಿ ಶುರುವಿಗೆ, ಮಧ್ಯಕ್ಕೆ, ಕೊನೆಗೆ ಮೂರು ಸಲ ತಲೆ ಎಣಿಸಿ ಹಾಜರಿ ಪುಸ್ತಕದ ಸಹಿಗೆ ಹೋಲಿಸುವುದು. ಮನೆಯಿಂದ ಮನೆಗೆ ಅರ್ಧ ಮೈಲಿ ಇರುವ ಊರಲ್ಲಿ ಜನ ಬಂದು, ಸಹಿ ಹಾಕಿ, ಹಾಲಿನ ಹೊತ್ತಿಗೆ ಹೊರಡುತ್ತಾರೆ. ಮೂರೂ ಎಣಿಕೆ ಮೂರು ಥರ ಬಂತು, ಯಾವುದೂ ಸಹಿಗೆ ತಾಳೆಯಾಗಲಿಲ್ಲ. ಇದನ್ನು ವರದಿಗೆ ಹಾಕಿಸಲಿಲ್ಲ, ಮುಂದಿನ ವರ್ಷ ಅದೇ ಪಂಚಾಯಿತಿಗೆ ಹೋಗಬೇಕಲ್ಲ.

ಪರೀಕ್ಷೆಯ ಮಾತೂ ಇರಲಿ. ಆಡಳಿತಾತ್ಮಕ ಅನುಮೋದನೆಗೂ ತಾಂತ್ರಿಕ ಮಂಜೂರಾತಿಗೂ ವ್ಯತ್ಯಾಸ ಬರೆಯಿರಿ ಎಂದು ಕಿರುಪರೀಕ್ಷೆಯಲ್ಲಿ ಕೊಟ್ಟಿದ್ದೆ. ಮೊದಲೆಲ್ಲ ಗೈಡಿನ ಎರಡು ಸಾಲು ಬರುತ್ತಿತ್ತು. ಈ ಸಲ ಹೆಚ್ಚಿನವರು ಮೊದಲನೆಯದು 'ಮಾಡಬಹುದು', ಎರಡನೆಯದು 'ಹೀಗೆ, ಇಷ್ಟಕ್ಕೆ ಮಾಡಬಹುದು' ಎಂದು ಬರೆದು ತಮ್ಮ ಸಂಕದ ಮೊತ್ತವನ್ನೂ ಸೇರಿಸಿದ್ದರು. ಆಕ್ಷೇಪ ಎತ್ತಿದ್ದ ಸಹೋದ್ಯೋಗಿಯೊಬ್ಬರು ಪ್ರಾಂಶುಪಾಲರ ಆ ಪತ್ರದ ನಕಲು ಕೇಳಿದ್ದಾರೆ, ಕೊಟ್ಟಿದ್ದೇನೆ, ಆ ಒಂದು ಸಾಲು ಬಿಟ್ಟು.

ಮುಗಿಸದ ಎಂಟನೇ ಗುಂಪಿನದು ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದ ಸಂಕ. ಅದರ ಕಡತ ಪಂಚಾಯಿತಿಯಲ್ಲಿ ಇರಲಿಲ್ಲ. ಕಾಮಗಾರಿ ಹಂಚುವ ಮೊದಲು ಸಂಕದ ಪಕ್ಕದ ಫಲಕದಲ್ಲಿ ಅನುದಾನದ ಹೆಸರು ಓದಿಕೊಂಡು ಬನ್ನಿ. ಫಲಕಕ್ಕೆ ಪಾಚಿ ಕಟ್ಟಿದ್ದರೆ ತೆಂಗಿನ ನಾರಿನಲ್ಲಿ ತಿಕ್ಕಿದರೆ ಅಕ್ಷರ ಕಾಣುತ್ತದೆ.