ಉಬ್ಬಿದ ಗೋಡೆ

ಮಂಗಳೂರಿನ ನಮ್ಮ ಸಭೆಯ ಬೈಬಲ್ ಅಧ್ಯಯನದಲ್ಲಿ ಪ್ರವಾದಿ ಯೆಶಾಯನ ಗ್ರಂಥದ 30ನೆಯ ಅಧ್ಯಾಯ ನನ್ನ ಪಾಲಿಗೆ ಬಂದಾಗ, ಇದರಲ್ಲೇನು ಕಷ್ಟ ಎಂದುಕೊಂಡಿದ್ದೆ. ಯೆಹೂದದವರು ದಂಡೆತ್ತಿ ಬರುವ ಅಶ್ಶೂರ್ಯರಿಗೆ ಹೆದರಿ ಐಗುಪ್ತದ, ಅಂದರೆ ಈಜಿಪ್ಟಿನ, ಕುದುರೆಗಳನ್ನು ನಂಬಿದರು, ದೇವರು ಗದರಿಸಿದರು. ಮನುಷ್ಯರನ್ನು ನಂಬಬೇಡಿ ಎಂದು ಹೇಳಿ ಪ್ರಾರ್ಥನೆ ಮಾಡಿ ಮುಗಿಸಿದರಾಯಿತು. ಹತ್ತು ನಿಮಿಷ ಕಳೆದಿರಲಿಲ್ಲ, ಹಿಂದಿನ ಬೆಂಚಿನ ಹಿರಿಯ ಹೆಂಗಸೊಬ್ಬರು, "ಹಾಗಾದರೆ ನಾನು ಸಕ್ಕರೆ ಕಾಯಿಲೆಗೆ ಕಂಕನಾಡಿಯ ಡಾಕ್ಟರ ಬಳಿಗೆ ಹೋಗುವುದೂ ತಪ್ಪೋ?" ಎಂದರು. ಮುಂದಿನ ವಾರ ಹೇಳುತ್ತೇನೆ ಎಂದು ಜಾರಿಕೊಂಡೆ.

ಆ ವಾರ ವ್ಯಾಖ್ಯಾನದ ಪುಸ್ತಕಗಳನ್ನು ಮುಟ್ಟಲಿಲ್ಲ. ಮೊದಲ ಹದಿನೇಳು ವಚನಗಳನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದು, ಕ್ರಿಯಾಪದಗಳಿಗೆ ಮಾತ್ರ ಪೆನ್ಸಿಲಿನಿಂದ ಗೆರೆ ಎಳೆದೆ. ಓದುವಾಗ ಕಣ್ಣು ತಪ್ಪಿಸಿಕೊಂಡದ್ದು ಬರೆಯುವಾಗ ಕೈಗೆ ಸಿಗುತ್ತದೆ. ಎರಡನೆಯ ವಚನದಲ್ಲಿಯೇ ಇತ್ತು: ಅವರು ದೇವರನ್ನು ಕೇಳದೆ ಹೊರಟಿದ್ದರು. ಹತ್ತನೆಯದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಜ ನುಡಿಯಬೇಡಿ, ನಮಗೆ ಹಿತವಾದದ್ದನ್ನೇ ಹೇಳಿ ಎಂದು ಪ್ರವಾದಿಗಳಿಗೇ ತಾಕೀತು ಮಾಡುತ್ತಾರೆ. ಅವಿಧೇಯತೆ ಎಂದರೆ ದೇವರಿಗೆ ತಿರುಗಿ ಬೀಳುವುದು ಎಂದಷ್ಟೇ ತಿಳಿದಿದ್ದೆ. ಯಾರನ್ನು ಕೇಳಬೇಕು ಎಂದು ಆರಿಸಿಕೊಳ್ಳುವಾಗಲೇ ಅದು ಶುರುವಾಗಿರುತ್ತದೆ ಎಂದು ಹೊಳೆದಿರಲಿಲ್ಲ.

ಹದಿಮೂರನೆಯ ವಚನಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಈ ಪಾಪ ಎತ್ತರದ ಗೋಡೆಯಲ್ಲಿ ಬಿರಿದು ಉಬ್ಬಿದ ಭಾಗದಂತೆ. ಬೀಳುವುದು ಮಾತ್ರ ಕ್ಷಣದಲ್ಲಿ.

ಕಳೆದ ಆಟಿ ತಿಂಗಳ ಮಳೆಯಲ್ಲಿ ಹಾಗೆ ಬಿದ್ದದ್ದು ನಮ್ಮದೇ ಗೋಡೆ. ಜೆಪ್ಪುವಿನ ಮನೆಯ ಹಿಂದೆ ದರೆಗೆ, ಅಂದರೆ ಮಣ್ಣಿನ ದಿಬ್ಬಕ್ಕೆ, ಒತ್ತಿ ಕಟ್ಟಿದ ಮುರಕಲ್ಲಿನ ಗೋಡೆ ಅದು. ಬೇಸಗೆಯಲ್ಲಿಯೇ ಹಳೆಯ ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು ತೋರಿಸಿದ್ದರು: ನಡುಭಾಗ ನಾಲ್ಕು ಬೆರಳಿನಷ್ಟು ಮುಂದೆ ಬಂದಿತ್ತು. ಹಿಂದಿನ ಮಣ್ಣು ಕುಡಿದ ನೀರು ಹೊರಬರಲು ತೂತುಗಳೇ ಇಲ್ಲ, ಬಿಚ್ಚಿ ಕಟ್ಟಬೇಕು ಎಂದರು. ಖರ್ಚು ಕೇಳಿ ಇನ್ನೊಬ್ಬರನ್ನು ಕರೆಸಿದೆ. ಅವರು ಬಿರುಕಿಗೆ ಸಿಮೆಂಟ್ ಮೆತ್ತಿ, "ಏನೂ ಆಗುವುದಿಲ್ಲ" ಎಂದರು. ಸಿಮೆಂಟಿಗಿಂತ ಆ ಮಾತಿಗೇ ನಾನು ಹಣ ಕೊಟ್ಟಿದ್ದೆ ಎಂದು ಈಗ ಅನಿಸುತ್ತದೆ. ಒಂದು ರಾತ್ರಿ ಲಾರಿ ಮಣ್ಣು ಸುರಿದಂತೆ ಸದ್ದಾಯಿತು. ಟಾರ್ಚ್ ಹಿಡಿದು ಹೋದರೆ, ಬಾಳೆಗಿಡಗಳ ಮೇಲೆ ಕೆಂಪು ರಾಡಿ, ಅದರ ನಡುವೆ ಮೆತ್ತಿದ ಸಿಮೆಂಟಿನ ಪಟ್ಟಿ ಹಾಗೆಯೇ, ಮುರಿಯದೆ.

ಮುಂದಿನ ವಚನದ ಒಡೆದ ಮಡಕೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಊರು ನಮ್ಮದು. ಹಂಚಿನ ಚೂರಿನಲ್ಲಿ ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದ ಅಜ್ಜಿಯನ್ನು ಕಂಡಿದ್ದೇನೆ. ಅಷ್ಟು ಚೂರೂ ಉಳಿಯದು ಎನ್ನುತ್ತಾನೆ ಪ್ರವಾದಿ.

ಕ್ರಿ.ಪೂ. 701ರಲ್ಲಿ ಅಶ್ಶೂರ್ಯರ ಅರಸ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದ. 46 ಕೋಟೆಯೂರುಗಳನ್ನು ಹಿಡಿದೆ ಎಂದು ಅವನೇ ಬರೆಯಿಸಿಕೊಂಡಿದ್ದಾನೆ. ಐಗುಪ್ತವೆಂಬುದು ಊರಿದವರ ಕೈಯನ್ನೇ ಚುಚ್ಚುವ ಜಜ್ಜಿದ ದಂಟು ಎಂಬ ಮಾತು 36ನೆಯ ಅಧ್ಯಾಯದಲ್ಲಿ ಬರುವುದು ಶತ್ರುವಿನ ದೂತನ ಬಾಯಿಂದ. ಪ್ರವಾದಿ ಹೇಳಿದಾಗ ರುಚಿಸದ್ದನ್ನು ಕೊನೆಗೆ ಆ ದೂತನಿಂದ ಕೇಳಬೇಕಾಯಿತು.

ಮುಂದಿನ ಭಾನುವಾರ ಆ ಹಿರಿಯರಿಗೆ 38ನೆಯ ಅಧ್ಯಾಯ ತೆಗೆದು ತೋರಿಸಿದೆ. ಯೆಹೂದದ ಅರಸ ಹಿಜ್ಕೀಯನ ಹುಣ್ಣಿಗೆ ಅಂಜೂರದ ಹಣ್ಣಿನ ಉಂಡೆ ಕಟ್ಟಿ ಎಂದವನು ಇದೇ ಯೆಶಾಯ. ಔಷಧ ತಪ್ಪಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಲಸಿನ ಹಣ್ಣು ಮುಟ್ಟಬೇಡಿ ಎಂದ ಡಾಕ್ಟರನ್ನು ಬಿಟ್ಟು, ನಾಲ್ಕು ತೊಳೆ ತಿನ್ನಬಹುದು ಎಂದವರ ಹತ್ತಿರ ಹೋಗಿದ್ದೆ ನಾನು" ಎಂದರು.